ದ್ರೌಪದಿ ಟೀಯ ಬಾವಿ ನೀರು

ದ್ರೌಪದಿ ಟೀ ಹುಟ್ಟಿದ್ದು ಬ್ಯಾಟರಾಯನಪುರದ ದನದ ಕೊಟ್ಟಿಗೆಯಲ್ಲಿ ಅಂದರೆ ಈಗ ಯಾರು ನಂಬುತ್ತಾರೆ ಹೇಳಿ. ದನ ಮಾರಿದ ಮೇಲೆ ಆ ಜಾಗದಲ್ಲಿ ದ್ರೌಪದಮ್ಮ ಅಸ್ಸಾಮಿನ ಪುಡಿ, ನೀಲಗಿರಿ ಪುಡಿ ಬೆರೆಸಿ, ಹಿತ್ತಲ ಬಾವಿ ನೀರಲ್ಲಿ ಕಾಸಿ, ಒಂದು ಗುಟುಕು ಕುಡಿದು ‘ಹೂಂ’ ಅನ್ನಬೇಕಿತ್ತು. ಆ ಹೂಂ ಇಲ್ಲದೆ ನಲವತ್ತು ವರ್ಷ ಒಂದು ಪೊಟ್ಟಣವೂ ಹೆಬ್ಬಾಳ ದಾಟಲಿಲ್ಲ. ಮೂಟೆಯಿಂದ ಮೂಟೆಗೆ ಪುಡಿ ಬೇರೆ, ಹಾಗಾಗಿ ಅಳತೆ ಅಂತ ಯಾವತ್ತೂ ಬರೆದಿಡಲಿಲ್ಲ. ಸೊಸೆ ಕಲಾವತಿಗೆ ನಾಲಿಗೆಯಲ್ಲಿ ರುಚಿ ಹಿಡಿಯುವುದನ್ನಷ್ಟೇ ಕಲಿಸಿದರು.

ಹೋದ ಯುಗಾದಿ ಕಳೆದ ಮೇಲೆ ಬಿಲ್ಡರ್‌ನವರು ಬಾವಿ ಮುಚ್ಚಿ ಅಪಾರ್ಟ್‌ಮೆಂಟಿಗೆ ಪಾಯ ಹಾಕಿದರು. ಮುದುಕಿ ಸುಮ್ಮನಿರ್ತಾರಾ? ಮುಚ್ಚುವ ಮುಂಚೆಯೇ ಕೊನೆಯ ನೀರನ್ನು ಒಂದು ಹಂಡೆ ತುಂಬಿಸಿಕೊಂಡಿದ್ದರು. “ಇದು ರುಚಿ ನೋಡೋಕೆ ಮಾತ್ರ, ಯಾರೂ ಮುಟ್ಬೇಡಿ” ಅಂದರು.

ದೀಪಾವಳಿಗೆ ಮುಂಚೆ ಅವರೇ ಹೋಗಿಬಿಟ್ಟರು. ಹೆಣ ಎತ್ತಿದ ಮೇಲೆ ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲುವುದು ಪದ್ಧತಿ. ಕಲಾವತಿ ಬಿಂದಿಗೆ, ಬಕೆಟ್ಟು, ಕೊನೆಗೆ ಹಂಡೆಯನ್ನೂ ಬಗ್ಗಿಸಿ ಬೋರಲು ಹಾಕಿದಳು. ಆಗ ಅವಳಿಗೆ ಏನೂ ಹೊಳೆಯಲಿಲ್ಲ. ಅಳುವೂ ಬರಲಿಲ್ಲ.

ಗಂಡ ಮುನೀಂದ್ರ ಟೀಯ ಹೆಸರನ್ನು ಯಶವಂತಪುರದ ಒಂದು ಟೀ ಕಂಪನಿಗೆ ದುಡ್ಡಿಗೆ ಕೊಟ್ಟ. ಅಲ್ಲಿಂದ ವಹಾಬ್ ಎಂಬಾತ ಮೂರು ಬಗೆಯ ಪುಡಿ ತಂದು, ಕ್ಯಾನ್ ನೀರಲ್ಲಿ ಕಾಸಿ, ಮೂರು ಲೋಟ ಎದುರಿಗಿಟ್ಟ.

“ಮೇಡಂ, ನೀವು ಯಾವ್ದಕ್ಕೆ ಹೂಂ ಅಂತೀರೋ, ಇನ್ಮೇಲೆ ಅದೇ ದ್ರೌಪದಿ ಟೀ.”

ಕಲಾವತಿ ಮೂರನ್ನೂ ಕುಡಿದಳು. ಮೂರೂ ಚೆನ್ನಾಗೇ ಇದ್ದವು. ಅತ್ತೆಯದು ಯಾವುದು ಅಂತ ಮಾತ್ರ ನಾಲಿಗೆ ಹೇಳಲೊಲ್ಲದು.

“ಬಾವಿ ನೀರಿದ್ದಿದ್ರೆ ಗೊತ್ತಾಗ್ತಿತ್ತು.”

“ಸ್ವಲ್ಪನಾದ್ರೂ ಇಲ್ವಾ ಮೇಡಂ?”

“ನಾನೇ ಚೆಲ್ಬಿಟ್ಟೆ.”

“ಯಾವ್ದೋ ಒಂದು ಹೇಳ್ಬಿಡೇ,” ಅಂದ ಮುನೀಂದ್ರ. “ಜನಕ್ಕೇನ್ ಗೊತ್ತಾಗುತ್ತೆ.”

ಅವಳು ನಡುವಿನ ಲೋಟ ಎತ್ತಿ ಇನ್ನೊಂದು ಗುಟುಕು ಕುಡಿದು, “ಹೂಂ” ಅಂದಳು. ದನಿ ಅತ್ತೆಯದರ ಹಾಗೇ ಬಂತು. ವಹಾಬ್ ಆ ಪೊಟ್ಟಣಕ್ಕೆ ಗುರುತು ಹಾಕಿಕೊಂಡ.

“ಪ್ಯಾಕೆಟ್ ಮೇಲೆ ನಿಮ್ಮ ಟೀ ಚರಿತ್ರೆ ಹಾಕ್ಬೇಕು. ಏನಂತ ಬರೀಲಿ?”

“ನಲವತ್ತು ವರ್ಷದಿಂದ ಅದೇ ರುಚಿ ಅಂತ ಬರ್ಕೊಳ್ಳಿ,” ಅಂದಳು ಕಲಾವತಿ.

ವಹಾಬ್ ಹೋದ. ಅತ್ತೆ ಸತ್ತು ಮೂರು ತಿಂಗಳಾಗಿತ್ತು. ಸತ್ತರು ಅನ್ನುವುದು ಕಲಾವತಿಗೆ ನಿಜವಾಗಿ ಗೊತ್ತಾದದ್ದು ಈಗ. ಮೂರು ಲೋಟವನ್ನೂ ತೊಳೆದು, ಹಂಡೆಯ ಪಕ್ಕ ಬೋರಲು ಹಾಕಿದಳು.