ಹಳ್ಳ ಕೊಟ್ಟ ಎಲುಬು

ಅಂದು ಬೆಳಿಗ್ಗೆ ಯಮನೂರಿನ ಮೇಲೆ ಮಂಜು ಕೂತಿತ್ತು. ಬೆಣ್ಣಿಹಳ್ಳ ಕಾಣುತ್ತಿರಲಿಲ್ಲ. ಎರಿಹೊಲದ ಜೋಳ ಎದೆಮಟ್ಟದವರೆಗೆ ಕಂಡು ಅದರ ಮೇಲೆ ಮಂಜಿನಲ್ಲಿ ಕರಗಿಹೋಗಿತ್ತು. ಗುರವ್ವನ ಮನೆಯ ಕಟ್ಟೆಯ ಮೇಲೆ, ಧೋತರದ ಚೂರಿನಲ್ಲಿ, ವಿಭೂತಿ ಹಚ್ಚಿದ ಒಂದು ಎಲುಬಿತ್ತು.

ಹೋದ ವರ್ಷ, ಎಂಬತ್ತಮೂರರ ಮಳೆಗಾಲದಲ್ಲಿ, ಆಕೆಯ ಮಗ ಈರಬಸಪ್ಪ ಹಳ್ಳ ದಾಟಲು ಇಳಿದವನು ಆಚೆ ದಂಡೆ ಹತ್ತಲಿಲ್ಲ. ದೇಹವೂ ಸಿಗಲಿಲ್ಲ. ದೇಹವಿಲ್ಲದೆ ಸಮಾಧಿ ಹೇಗೆ, ಸಮಾಧಿಯಿಲ್ಲದೆ ಸತ್ತನೆನ್ನುವುದು ಹೇಗೆ ಎಂದು, ಸೊಸೆ ಕಸ್ತೂರೆವ್ವನ ಕೊರಳ ತಾಳಿಯನ್ನು ಯಾರೂ ಮುಟ್ಟಿರಲಿಲ್ಲ. ನಿನ್ನೆ ಕುರಿ ಕಾಯುವ ಬೀರಲಿಂಗಪ್ಪ, ಈರಬಸಪ್ಪ ಮುಳುಗಿದಲ್ಲೇ ಕುಸಿದಿದ್ದ ದಂಡೆಯಲ್ಲಿ ಈ ಎಲುಬು ಕಂಡು ತಂದ. ತುದಿ ಎರಡೂ ಮುರಿದಿದ್ದವು. ಸಂಜೆ ಗುರವ್ವ ತನ್ನ ಕೈಯಾರೆ ಸೊಸೆಯ ತಾಳಿ ತೆಗೆದು ದೇವರ ಜಗಲಿಯ ಮೇಲಿಟ್ಟಳು. ಕಸ್ತೂರೆವ್ವ ಕತ್ತು ಬಾಗಿಸಿದಳು. ಅಳಲಿಲ್ಲ.

ಹೊಲದಲ್ಲಿ ಕುಣಿ ತೋಡಿ ಆಗಿತ್ತು. ಆದರೆ ಒಂದು ತೊಡಕು ಉಳಿದಿತ್ತು. ಲಿಂಗವಂತರು ಮಣ್ಣು ಕೊಡುವುದು ಹೆಣವನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು. ಇಲ್ಲಿ ಇರುವುದು ಒಂದೇ ಎಲುಬು. ತೋಳಿನದಾದರೆ ಲಿಂಗ ಅದರ ಬಾಜು ಇಡಬೇಕು. ಕಾಲಿನದಾದರೆ ಬೇರೆ ರೀತಿ. ಮೊದಲು ಯಾವುದೆಂದು ತಿಳಿದುಕೊಳ್ಳಿ ಎಂದು ಮಠದ ಅಯ್ಯನವರು ಹೇಳಿಕಳಿಸಿದ್ದರು.

ಹಳ್ಳದ ಗರಸುಕಲ್ಲುಗಳಲ್ಲಿ ಹಳೆಯ ಎಲುಬು ಆರಿಸಲು ಧಾರವಾಡದಿಂದ ಬಂದ ಕಾಲೇಜಿನ ಕುಬೇರಪ್ಪ ಮಾಸ್ತರರು ಊರಲ್ಲೇ ಇಳಿದಿದ್ದರು. ಬೀರಲಿಂಗಪ್ಪ ಅವರನ್ನು ಕರೆತಂದ.

"ನಿಮಗ ಎಲುಬಿನ ಜಾತಿ ಕುಲ ಎಲ್ಲಾ ಗೊತ್ತೈತಂತ," ಎಂದಳು ಗುರವ್ವ. "ಇದು ಕೈದೋ ಕಾಲಿಂದೋ, ಅಷ್ಟ ಹೇಳ್ರಿ."

ಮಾಸ್ತರರು ಎತ್ತಿಕೊಂಡರು. ಭಾರಕ್ಕೆ ಕೈ ತುಸು ಕೆಳಗಿಳಿಯಿತು. ಉಗುರಿನಿಂದ ಕೆರೆದರು.

"ನಾಲಗಿ ಹಚ್ಚಿ ನೋಡಬೇಕ್ರಿ ಯವ್ವಾ. ನಮ್ಮ ಪರೀಕ್ಷಾನ ಹಂಗ. ತಪ್ಪ ತಿಳೀಬ್ಯಾಡ್ರಿ."

"ಅಲ್ರಿ ಮಾಸ್ತರ, ಎದಿ ಮ್ಯಾಲ ಲಿಂಗಾ ಕಟ್ಟೀರಿ," ಎಂದ ಬೀರಲಿಂಗಪ್ಪ. "ನಾವು ಕುರಿ ತಿಂದ್ರೂ ಎಲುಬು ದೂರ ಒಗೀತೀವಿ."

"ಸುಮ್ನಿರಲೇ ಬೀರ್ಯಾ," ಎಂದಳು ಗುರವ್ವ. "ಹಚ್ರಿ ನೀವು. ಹೆತ್ತಾಕಿ ಮುದ್ದು ಕೊಟ್ಟ ಮೈ ಅದು, ಮೈಲಿಗಿ ಇಲ್ಲ."

ಮಾಸ್ತರರು ವಿಭೂತಿಯನ್ನು ಹೆಬ್ಬೆರಳಿನಿಂದ ಒರೆಸಿ ತಮ್ಮ ಹಣೆಗೇ ಹಚ್ಚಿಕೊಂಡು, ಮುರಿದ ತುದಿಗೆ ನಾಲಗೆ ತಾಗಿಸಿದರು. ಅಂಟಿಕೊಂಡಿತು. ಇನ್ನೊಂದು ತುದಿಗೆ ತಾಗಿಸಿದರು. ಅಲ್ಲಿಯೂ ಅಂಟಿತು. ನಿನ್ನೆ ಮೊನ್ನೆಯ ಎಲುಬು ನಾಲಗೆಯನ್ನು ಹಿಡಿಯುವುದಿಲ್ಲ. ಮಣ್ಣಿನಲ್ಲಿ ಯುಗ ಕಳೆದು ಕಲ್ಲಾದದ್ದು ಮಾತ್ರ ಹಾಗೆ ಪಸೆ ಹೀರುತ್ತದೆ. ಉದ್ದಕ್ಕೂ ಒಂದು ಗೀರು ಬೇರೆ ಇತ್ತು. ಮನುಷ್ಯರ ಎಲುಬಿಗೆ ಅಂಥ ಗೀರಿರುವುದಿಲ್ಲ, ದನದ ಕಾಲಿನದಕ್ಕಿರುತ್ತದೆ.

ಕೈಯದು ಎಂದರೆ ಮುಗಿಯುತ್ತಿತ್ತು. ಕುಣಿ ಕಾಯುತ್ತಿತ್ತು. ಅವರು ತಲೆಯೆತ್ತಿದಾಗ ಬಾಗಿಲಲ್ಲಿ ಕಸ್ತೂರೆವ್ವನ ಬರಿಗೊರಳು ಕಂಡಿತು.

"ಇದು ಕಾಡೆತ್ತಿನ ಕಾಲಿಂದು, ಯವ್ವಾ. ಊರು ಹುಟ್ಟೂಕಿಂತ ಎಷ್ಟೋ ಮೊದಲ ಸತ್ತದ್ದು. ಒಂದ ವರ್ಷದಾಗ ಎಲುಬು ಕಲ್ಲಾಗಂಗಿಲ್ರಿ."

ಮಂಜಿನೊಳಗೆ ಎಲ್ಲೋ ಟ್ರ್ಯಾಕ್ಟರು ಹೋಯಿತು.

"ಹಂಗಾರ ಅಂವಾ?" ಗುರವ್ವ ಕೇಳಿದಳು.

"ಅದು ನನಗ ಗೊತ್ತಿಲ್ರಿ."

"ಕುಣಿ ಮುಚ್ಚಲೇನ್ರಿ, ಅಮ್ಮಾರ?" ಬೀರಲಿಂಗಪ್ಪ ಕೇಳಿದ. ಅವನು ಸಲಿಕೆ ಹೆಗಲಿಗಿಟ್ಟುಕೊಂಡು ಹೊಲದ ಕಡೆ ನಡೆದ.

ಮಾಸ್ತರರು ಅಂಥದ್ದನ್ನೇ ಹುಡುಕಿಕೊಂಡು ಬಂದವರು, ಆದರೂ ಎಲುಬನ್ನು ಬಟ್ಟೆಯ ಮೇಲಿಟ್ಟು ಹೊರಡಲು ತಿರುಗಿದರು.

"ಒಯ್ರಿ," ಎಂದಳು ಗುರವ್ವ. "ನಮ್ಮದಲ್ಲ."

ಅವರು ಹೋದ ಮೇಲೆ ಕಸ್ತೂರೆವ್ವ ಒಲೆಯ ಮುಂದೆ ಕೂತಳು. ಗಂಡ ಇದ್ದಾನೆಂದು ಯಾರೂ ಹೇಳಿರಲಿಲ್ಲ. ಇಲ್ಲವೆಂದೂ ಹೇಳಿರಲಿಲ್ಲ. ರೊಟ್ಟಿಯ ಹಿಟ್ಟು ನಾದುವುದೋ ಬಿಡುವುದೋ ಎಂದು ಬುಟ್ಟಿಯನ್ನೇ ನೋಡುತ್ತಿದ್ದಳು. ಗುರವ್ವ ದೇವರ ಜಗಲಿಗೆ ಹೋಗಿ ಬಂದಳು. ಸೊಸೆಯ ಕೈ ಬಿಡಿಸಿ, ತಾಳಿಯನ್ನು ಅದರೊಳಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಚಿದಳು.