ಹೂವು ಸತ್ತಿಲ್ಲ

ನನ್ನ ಅತ್ತೆ ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ನಿವೃತ್ತರಾದ ವರ್ಷ ಹಜಾರದಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಇಡಿಸಿ, ಉಪ್ಪುನೀರು ತುಂಬಿಸಿ, ಹವಳದ ಬಂಡೆ ಜೋಡಿಸಿ, ನಾಲ್ಕಾರು ಮೀನು ಬಿಟ್ಟು, ಒಂದು ಕಡಲ ಹೂವನ್ನು ತಂದು ಕೂರಿಸಿದರು. ಹೆಸರಿಗೆ ಹೂವು, ನಿಜಕ್ಕೆ ಪ್ರಾಣಿ. ಬುಡದಿಂದ ಬಂಡೆಗೆ ಅಂಟಿಕೊಂಡು, ಬೆರಳಿನಂಥ ಎಸಳುಗಳನ್ನು ಆಡಿಸುತ್ತ, ನಡುವಿನ ಬಾಯಿಂದ ತಿನ್ನುತ್ತದೆ. ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ಬಂದದ್ದು. ಆ ಲೆಕ್ಕದಲ್ಲಿ ಅದು ನನಗಿಂತ ಹಿರಿಯದು ಎಂದು ಅತ್ತೆ ಆಗಾಗ ನೆನಪಿಸುತ್ತಿದ್ದರು.

ಕಳೆದ ವರ್ಷ ಅತ್ತೆಯ ಕಣ್ಣು ಕೈಕೊಟ್ಟಿತು. ನೇರ ನೋಡಿದರೆ ನಡುವೆ ಕಪ್ಪು ಮಚ್ಚೆ, ಅಂಚಿನಲ್ಲಷ್ಟೇ ಮಸುಕು ಮಸುಕು. ತೊಟ್ಟಿಯ ಕೆಲಸ ನನ್ನ ಪಾಲಿಗೆ ಬಂತು. ನಾನು ಬೇಕರಿಯಲ್ಲಿ ಕೇಕ್ ಮಾಡುವವಳು. ಬೆಳಗ್ಗೆ ಹಿಟ್ಟು, ಸಂಜೆ ಮೀನು. ವಾರಕ್ಕೊಮ್ಮೆ ಉಪ್ಪಿನ ಮಾಪಕಕ್ಕೆ ತೊಟ್ಟಿಯ ನೀರು ತುಂಬಿ, ಅದರೊಳಗೆ ತೇಲುವ ಮುಳ್ಳು ಯಾವ ಗೆರೆಗೆ ನಿಲ್ಲುತ್ತದೆಂದು ನೋಡಬೇಕು. ಕೆಳಗಿದ್ದರೆ ಉಪ್ಪು ಸೇರಿಸಬೇಕು. ನಾನು ಒಂದು ವಾರವೂ ತಪ್ಪಿಸಿರಲಿಲ್ಲ.

ಆದರೂ ಹೂವು ಬಾಡಿತು. ಊಟದ ತಟ್ಟೆಯಷ್ಟು ಅಗಲವಿದ್ದದ್ದು ಮುಷ್ಟಿಯಷ್ಟಾಯಿತು. ಎಸಳುಗಳು ಗಾಳಿ ಹೋದ ಬಲೂನಿನ ಹಾಗೆ ಜೋತುಬಿದ್ದವು.

ನನ್ನ ಗಂಡ ತೊಟ್ಟಿಯ ಮುಂದೆ ನಿಂತು, "ಇದನ್ನ ತೆಗೆದುಬಿಡೋಣ ಅಮ್ಮ. ನಿನಗೆ ಕಾಣೋದೂ ಇಲ್ಲ," ಎಂದರು.

"ನಿನ್ನ ಮುಖಾನೂ ಕಾಣಲ್ಲ. ನಿನ್ನನ್ನೂ ತೆಗೆದುಬಿಡ್ಲಾ?" ಎಂದರು ಅತ್ತೆ.

ಮರುದಿನ ಇವರು ಅಕ್ವೇರಿಯಂ ಅಂಗಡಿಯವನನ್ನು ಕರೆತಂದರು. ಅವನು ಟಾರ್ಚ್ ಬಿಟ್ಟು ನೋಡಿ ತಲೆಯಾಡಿಸಿದ. "ಇದು ಮುಗೀತು ಮೇಡಂ. ಇವತ್ತೇ ಎಸೆದುಬಿಡಿ. ಕೊಳೆತರೆ ನೀರೆಲ್ಲ ವಿಷ, ಮೀನೂ ಹೋಗ್ತವೆ."

"ಕೊಳೆತ ವಾಸನೆ ಬರ್ತಿದೆಯೇನಪ್ಪ?"

"ಇನ್ನೂ ಇಲ್ಲ."

"ಹಾಗಾದ್ರೆ ಸತ್ತಿಲ್ಲ. ಉಸಿರಿರೋರನ್ನ ಶವಾಗಾರಕ್ಕೆ ಕಳಿಸಿದವಳಲ್ಲ ನಾನು. ಹೋಗಿ ಬಾ."

ಅವನು ಹೋದ ಮೇಲೆ ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ನಾನು ಮೂಗು ಒರೆಸಿಕೊಂಡು, "ನಾನೇ ಏನೋ ತಪ್ಪು ಮಾಡಿದೀನಿ ಅನ್ಸುತ್ತೆ ಅತ್ತೆ," ಎಂದೆ.

"ಅಳೋದು ಆಮೇಲೆ. ಅನ್ಸಿದ್ದು ಬೇಡ, ಕಂಡದ್ದು ಹೇಳು. ಬಾಯಿ ಹೇಗಿದೆ?"

"ಸ್ವಲ್ಪ ತೆರೆದಿದೆ. ಕರುಳು ಹೊರಗೆ ಬಂದಿಲ್ಲ."

"ಬುಡ?"

"ಬಂಡೆ ಹಿಡ್ಕೊಂಡೇ ಇದೆ."

"ಬಣ್ಣ?"

"ಮಾಸಿದೆ, ಆದ್ರೆ ಬೆಳ್ಳಗಾಗಿಲ್ಲ."

"ಹಾಗಾದ್ರೆ ಬೆಳಕಿನ ದೋಷ ಅಲ್ಲ." ಅತ್ತೆ ಕುಪ್ಪಸದ ತೋಳು ಮಡಚಿ ನೀರಿಗೆ ಕೈಯಿಳಿಸಿ, ತಡವುತ್ತ ಹೋಗಿ ಒಂದು ಎಸಳನ್ನು ಮುಟ್ಟಿದರು. "ಬೆರಳಿಗೆ ಅಂಟ್ತು. ಇನ್ನೂ ಹಿಡಿಯೋ ಬಲ ಇದೆ. ಮೀನು?"

"ಚೆನ್ನಾಗಿ ತಿಂತಿವೆ. ಬಸವನಹುಳು ಮಾತ್ರ ಎರಡು ಸತ್ತವು, ಉಳಿದವು ಕದಲ್ತಿಲ್ಲ."

"ಮೀನು ಗಟ್ಟಿಪಿಂಡ, ತಡ್ಕೊಳ್ಳುತ್ತೆ. ಮೆತ್ತಗಿರೋವು ನರಳ್ತಿವೆ ಅಂದ್ರೆ ನೀರಲ್ಲೇ ಏನೋ ಇದೆ. ಬಿಸಿ ಎಷ್ಟು?"

"ಇಪ್ಪತ್ತಾರು. ಎರಡು ಥರ್ಮಾಮೀಟರಲ್ಲೂ ಅಷ್ಟೇ."

"ಉಪ್ಪು?"

"ಸರಿಯಾಗಿದೆ ಅತ್ತೆ. ಪ್ರತಿ ವಾರ ಮುಳ್ಳು ಕೆಳಗೇ ಇರುತ್ತೆ, ನಾನು ಉಪ್ಪು ಹಾಕಿ ಗೆರೆಗೆ ತರ್ತೀನಿ."

ಅತ್ತೆ ಒದ್ದೆ ಕೈ ಒರೆಸುವುದನ್ನು ನಿಲ್ಲಿಸಿದರು. "ಪ್ರತಿ ವಾರವೂ? ಅಲ್ಲ ಕಣೇ, ಆವಿಯಾಗೋದು ನೀರು. ಉಪ್ಪು ಎಲ್ಲಿಗೆ ಹೋಗುತ್ತೆ?"

ನಾನು ತೊಟ್ಟಿಯ ಪಕ್ಕದಲ್ಲಿದ್ದ ಮಾಪಕವನ್ನು ಕೈಗೆತ್ತಿಕೊಂಡೆ.

"ಒಂದ್ಸಲ ನಮ್ಮ ಇಡೀ ವಾರ್ಡಿಗೆ ಜ್ವರ ಬಂದಿತ್ತು," ಎಂದರು ಅತ್ತೆ. "ಡಾಕ್ಟರಿಗೂ ಬಂದಿತ್ತು. ನೋಡಿದ್ರೆ ಕೆಟ್ಟಿದ್ದು ಥರ್ಮಾಮೀಟರ್. ನಿನ್ನ ಮಾಪಕ ಸತ್ಯ ಹೇಳ್ತಿದೆ ಅಂತ ಯಾರು ಹೇಳಿದ್ರು?"

ಇನ್ನೊಂದು ಮಾಪಕ ಮನೆಯಲ್ಲಿರಲಿಲ್ಲ. ಆದರೆ ನನಗೆ ತಿಳಿದ ವಿದ್ಯೆ ಒಂದಿತ್ತು. "ತೂಕ ಮಾಡೋಣ ಅತ್ತೆ," ಎಂದೆ. ಕೇಕಿಗೆ ಗ್ರಾಂ ಲೆಕ್ಕದಲ್ಲಿ ಹಿಟ್ಟು ತೂಗುವ ನನ್ನ ತಕ್ಕಡಿ ಅಡುಗೆಮನೆಯಲ್ಲೇ ಇತ್ತು. ಸಣ್ಣ ಕತ್ತಿನ ಲೀಟರ್ ಬಾಟಲಿಗೆ ಮೊದಲು ಶುದ್ಧ ನೀರು ತುಂಬಿ ತೂಗಿದೆ. ಬಾಟಲಿಯ ತೂಕ ಕಳೆದರೆ ಸರಿಯಾಗಿ ಸಾವಿರ ಗ್ರಾಂ. ಅದೇ ಬಾಟಲಿಗೆ ಅದೇ ಮಟ್ಟಕ್ಕೆ ತೊಟ್ಟಿಯ ನೀರು ತುಂಬಿದೆ. ಸಮುದ್ರದ ನೀರಾದರೆ ಸಾವಿರದ ಇಪ್ಪತ್ತೈದರ ಆಸುಪಾಸು ಇರಬೇಕು. ತಕ್ಕಡಿ ಸಾವಿರದ ಮೂವತ್ತಮೂರು ಎಂದಿತು. ಮೂರು ಸಲ ತೂಗಿದೆ, ಮೂರು ಸಲವೂ ಅಷ್ಟೇ.

ಮಾಪಕವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮುಳ್ಳಿನ ಬೆನ್ನಿಗೆ ಬಿಳಿ ಹರಳು ಕಟ್ಟಿ ಕಲ್ಲಾಗಿತ್ತು. ಅದರ ಭಾರಕ್ಕೆ ಮುಳ್ಳು ಏಳಬೇಕಾದಷ್ಟು ಮೇಲೇಳುತ್ತಿರಲಿಲ್ಲ. ಅದು ಕಡಿಮೆ ಎಂದಾಗಲೆಲ್ಲ ನಾನು ಉಪ್ಪು ಸುರಿದಿದ್ದೆ. ನಂಬಿಕೆಯಿಂದಲೇ ಹೂವನ್ನು ಉಪ್ಪಿನಕಾಯಿ ಹಾಕುತ್ತಿದ್ದೆ.

ವಿಷಯ ಕೇಳಿದ ಗಂಡ, "ಹಾಗಾದ್ರೆ ಈಗಲೇ ಅರ್ಧ ನೀರು ತೆಗೆದು ಸಿಹಿನೀರು ಸುರಿದುಬಿಡು," ಎಂದರು.

"ಒಂದೇ ಏಟಿಗೆ ಇಳಿಸಿದ್ರೆ ಉಪ್ಪು ಕೊಲ್ಲದೆ ಬಿಟ್ಟಿದ್ದನ್ನ ನೀನು ಕೊಲ್ತೀಯ," ಎಂದರು ಅತ್ತೆ. "ನಿಧಾನಕ್ಕೆ ಏರಿದ್ದು ನಿಧಾನಕ್ಕೇ ಇಳೀಬೇಕು."

ದಿನಕ್ಕೆ ಎರಡು ಜಗ್ ಉಪ್ಪುನೀರು ಹೊರಗೆ, ಎರಡು ಜಗ್ ಶುದ್ಧ ನೀರು ಒಳಗೆ. ದಿನವೂ ತೂಕ. ಆರನೆಯ ದಿನ ಹೂವು ಕಂದು ಲೋಳೆ ಕಾರಿ ಇನ್ನೂ ಕುಗ್ಗಿತು. ಆ ಸಂಜೆ ನಾನು ಬೇಕರಿಯಿಂದ ಬರುವಷ್ಟರಲ್ಲಿ ಗಂಡ ಬಕೆಟ್ಟೂ ಬಲೆಯೂ ಹಿಡಿದು ನಿಂತಿದ್ದರು. ಅತ್ತೆ ಒಳಗೆ ಮಲಗಿದ್ದರು.

ಮದುವೆಯಾದ ಒಂಬತ್ತು ವರ್ಷಗಳಲ್ಲಿ ನಾನು ಗಂಡನಿಗೆ ಎದುರಾಡಿದ್ದು ಕಡಿಮೆ. ಚೀಲವನ್ನೂ ಕೆಳಗಿಡದೆ ಅವರಿಗೂ ತೊಟ್ಟಿಗೂ ನಡುವೆ ಹೋಗಿ ನಿಂತೆ.

"ಬಕೆಟ್ ಒಳಗಿಡಿ."

"ನೋಡೇ ಅದನ್ನ. ಏನು ಉಳಿದಿದೆ ಅದರಲ್ಲಿ?"

"ಬುಡ ಬಿಟ್ಟಿಲ್ಲ ರೀ. ಅದು ಬಿಡೋವರೆಗೂ ನಾನೂ ಬಿಡಲ್ಲ. ಕೈ ಹಾಕೋದಾದ್ರೆ ನನ್ನ ದಾಟಿ ಹಾಕಿ."

ಅವರು ಬಲೆ ಕೆಳಗಿಟ್ಟರು. ಆಮೇಲೆ ಬಕೆಟ್ ಬಚ್ಚಲಿಗೆ ಹೋಯಿತು. ಒಳಗಿನ ಕೋಣೆಯಿಂದ ಅತ್ತೆ ಕೆಮ್ಮಿದರು. ಮಲಗಿದ್ದವರ ಕೆಮ್ಮಲ್ಲ ಅದು.

ಹದಿನೈದನೆಯ ದಿನ ತಕ್ಕಡಿ ಸಾವಿರದ ಇಪ್ಪತ್ತಾರು ತೋರಿಸಿತು. ಮೂರನೆಯ ವಾರ ಎಸಳುಗಳಲ್ಲಿ ನೀರು ತುಂಬಿಕೊಂಡಿತು. ಉಗುರಿನಷ್ಟು ಸಿಗಡಿ ಚೂರನ್ನು ನಾನು ಮುಟ್ಟಿಸಿದಾಗ ಎಸಳುಗಳು ಮಡಚಿಕೊಂಡವು, ಚೂರು ಬಾಯಿಯೊಳಗೆ ಹೋಯಿತು, ಬಾಯಿ ಬಿಗಿಯಾಗಿ ಮುಚ್ಚಿತು. "ನುಂಗ್ತು," ಎಂದೆ. ಅತ್ತೆ ನನ್ನ ಭುಜ ಹಿಡಿದವರು ಬಹಳ ಹೊತ್ತು ಬಿಡಲಿಲ್ಲ.

ಅದು ಮೊದಲಿನಷ್ಟು ಅಗಲವಾಗಿಲ್ಲ. ಒಂದು ಪಕ್ಕ ಎಸಳು ಕಡಿಮೆ. ಕಳೆದ ವಾರ ಎದ್ದು ನೋಡಿದರೆ ತನ್ನ ಹಳೆಯ ಬಂಡೆ ಬಿಟ್ಟು, ತಾನಾಗಿಯೇ ತೊಟ್ಟಿಯ ಹಿಂಬದಿಯ ಮೂಲೆಗೆ ತೆವಳಿ, ಗೋಡೆಯ ಕಡೆ ಮುಖ ಮಾಡಿ ಕೂತಿದೆ.

"ಅಷ್ಟು ಕಷ್ಟಪಟ್ಟು ಉಳಿಸಿ ಏನು ಬಂತು? ಕಾಣೋದೇ ಇಲ್ಲ. ಎತ್ತಿ ಮುಂದಕ್ಕಿಡಲಾ?" ಎಂದರು ಗಂಡ.

"ಮುಟ್ಟಬೇಡ. ಅದಕ್ಕೆ ಬೇಕಾದ ಜಾಗದಲ್ಲಿ ಅದು ಕೂತಿದೆ," ಎಂದರು ಅತ್ತೆ. "ನೋಡಬೇಕು ಅನ್ನಿಸಿದವರು ಬಗ್ಗಿ ನೋಡ್ಲಿ."

ನಾನು ಅಡುಗೆಮನೆಗೆ ಹೋಗಿ ತಕ್ಕಡಿ ಒರೆಸಿಟ್ಟು ಬಂದಾಗ, ಇವರು ಮಂಡಿಯೂರಿ, ಕೆನ್ನೆಯನ್ನು ಗೋಡೆಗೆ ಒತ್ತಿ, ತೊಟ್ಟಿಯ ಹಿಂದಿನ ಸಂದಿಯಲ್ಲಿ ಇಣುಕುತ್ತಿದ್ದರು.