ಒಂದು ಹೊರೆ ಸೊಪ್ಪು

ಉಮ್ಮಚಗಿಯ ಹತ್ತಿರ ನಮ್ಮೂರಿನಲ್ಲಿ ದೇವರು ಹೆಗಡೆ ಎಂಬವನಿದ್ದಾನೆ. ಹೆಸರೇ ದೇವರು, ಸ್ವಭಾವ ನಮ್ಮ ನಿಮ್ಮಂಥದೇ. ಈ ವರ್ಷ ಅವನ ಬೆಟ್ಟದ ಅಂಚಿನ ನಂದಿ ಮರದ ಪೊಟರೆಯಲ್ಲಿ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಗೂಡು ಮಾಡಿತು. ಹೆಣ್ಣು ಒಳಗೆ ಕುಳಿತು ಬಾಗಿಲು ಮೆತ್ತಿಕೊಂಡಿತು. ಕೊಕ್ಕು ಹಿಡಿಸುವಷ್ಟು ಸೀಳು ಮಾತ್ರ ಉಳಿಯಿತು. ಮರಿ ಬೆಳೆಯುವವರೆಗೆ ಗಂಡು ಹಣ್ಣು ತಂದು ಆ ಸೀಳಿನಲ್ಲೇ ಕೊಡಬೇಕು. ಅದು ಬರದಿದ್ದರೆ ಒಳಗೆ ಉಪವಾಸ.

ದೇವರು ಮರಕ್ಕೆ ಹಗ್ಗ ಸುತ್ತಿ ಯಾರೂ ಹತ್ತಿರ ಸುಳಿಯದಂತೆ ಕಾದ. ಯಲ್ಲಾಪುರದಿಂದ ಕ್ಯಾಮೆರಾ ಹೊತ್ತು ಬಂದವರಿಗೆ ದೂರದಿಂದ ತೋರಿಸಿ, ಮನೆಗೆ ಕರೆದು ಮಜ್ಜಿಗೆ ಕೊಟ್ಟು, ರೈತ ಹಕ್ಕಿಯ ಜತೆ ಹೇಗೆ ಬಾಳಬೇಕೆಂದು ಭಾಷಣ ಬಿಗಿಯುತ್ತಿದ್ದ. ಕೇಳಿ ಕೇಳಿ ನಮಗೆಲ್ಲ ಸಾಕಾಗಿತ್ತು.

ಅಷ್ಟರಲ್ಲಿ ಸೊಪ್ಪು ಕಡಿಯುವವರು ಸಿಕ್ಕರು. ನಮ್ಮಲ್ಲಿ ಬೆಟ್ಟವೆಂದರೆ ಅಡಿಕೆ ತೋಟಕ್ಕೆ ಸೊಪ್ಪು ಒದಗಿಸುವ ಕಾಡು; ತೋಟವಿದ್ದವರಿಗೆ ಹಿಂದಿನಿಂದ ಬಂದ ಹಕ್ಕು. ಮರ ಹತ್ತುವವರು ಈಗ ಅಪರೂಪ, ಸಿಕ್ಕಾಗಲೇ ಕಡಿಸಬೇಕು. ದೇವರು ನಂದಿ ಮರವೊಂದನ್ನು ಬಿಟ್ಟು ಮೇಲಿನ ಬೆಟ್ಟವನ್ನೆಲ್ಲ ಎಂದಿನಂತೆ ಕಡಿಸಿ, ತೋಟದ ಅರ್ಧಕ್ಕೆ ಸೊಪ್ಪು ಹಾಸಿದ. ಉಳಿದರ್ಧಕ್ಕೆಂದು ಬೆಟ್ಟದ ಕೆಳಗಿನ ಮೂಲೆ ಬಾಕಿ ಇತ್ತು.

ಒಂದು ಸಂಜೆ ಅವನ ಹೆಂಡತಿ ಶ್ರೀವಾಣಿ ಹೇಳಿದಳು: "ಬೆಳಗಿಂದ ಮಂಗಟ್ಟೆ ಬಂಜಿಲ್ಲೆ."

ಗಂಡು ಬಾರದ್ದಕ್ಕೆ ದೇವರು ಕ್ಯಾಮೆರಾದವರನ್ನು ಬಯ್ದ. ಮರುದಿನ ಗಂಡು ಬಂತು, ಆದರೆ ತೀರ ಅಪರೂಪಕ್ಕೆ. ಅಂದು ತೋಟದಲ್ಲಿ ಓಡಾಡುವಾಗ ಅವನ ಕಾಲಡಿ ಏನೋ ಉರುಟುರುಟಾಗಿ ಸಿಕ್ಕಿತು. ಬಾಗಿ ಸೊಪ್ಪು ಸರಿಸಿ ನೋಡಿದರೆ ಮಂಗಟ್ಟೆ ತಿನ್ನುವ ಬಸರಿಯ ಹಣ್ಣು, ಕಾಯಿ, ಗೆಲ್ಲಿನ ತುಂಬ. ಬೆಟ್ಟದಲ್ಲಿದ್ದ ಒಂದೇ ಬಸರಿಯನ್ನು ಬೋಳಿಸಿ ಅಡಿಕೆ ಬುಡಕ್ಕೆ ಹಾಕಿಯಾಗಿತ್ತು. ಮನೆ ಕಾಯುತ್ತ ಕೂತು ಅಡುಗೆಮನೆ ಕೆಡವಿದ ಹಾಗಾಯಿತು. ಬಸರಿ ಕಡಿಯಬೇಕೋ ಬೇಡವೋ ಎಂದು ಅವನು ಯೋಚಿಸಿಯೇ ಇರಲಿಲ್ಲ. ನಾವೂ ಯೋಚಿಸುತ್ತಿರಲಿಲ್ಲ, ಬಿಡಿ.

ಗಂಡು ಈಗ ತೋಟ, ಬೆಟ್ಟ ಯಾವುದೂ ಇಲ್ಲದ ನಮ್ಮೂರ ಬೀರನ ಗದ್ದೆಯ ಬದುವಿನ ಗೋಳಿ ಮರಕ್ಕೆ ಹೋಗುತ್ತಿತ್ತು. ಸುತ್ತಮುತ್ತ ಹಣ್ಣಿದ್ದದ್ದು ಅದೊಂದರಲ್ಲೇ. ಆ ಮರದ ನೆರಳಲ್ಲಿ ಭತ್ತ ಹುಲ್ಲಾಗಿ ಬೆಳೆಯುತ್ತದೆ, ತೆನೆ ಜೊಳ್ಳು. ಕಡಿಯಲು ಬೀರ ಗರಗಸದವನಿಗೆ ಹೇಳಿಯೂ ಆಗಿತ್ತು. ಮರಿ ಹಾರುವವರೆಗೆ ಕಾದರೆ ಮಳೆ ಹಿಡಿಯುತ್ತದೆ, ಗದ್ದೆಗೆ ಮರ ಬೀಳಿಸಲು ಬರುವುದಿಲ್ಲ. ಇನ್ನೊಂದು ಬೆಳೆ ನೆರಳಿಗೆ ಹೋಯಿತೆಂದೇ ಲೆಕ್ಕ.

ದೇವರು ನನ್ನನ್ನೂ ಎಳೆದುಕೊಂಡು ಬೀರನ ಮನೆಗೆ ಹೋದ. ಬರಿಗೈಯಲ್ಲಿ ಕೇಳುವುದು ಅವನಿಗೂ ಕಷ್ಟವೇ ಆಗಿತ್ತು. ಮಂಗಟ್ಟೆಯ ಕಷ್ಟವನ್ನೆಲ್ಲ ಹೇಳಿ, ಗೋಳಿ ಕಡಿಯಬೇಡವೆಂದು ಕೇಳಿದ. ಬೀರ ಪೂರ್ತಿ ಕೇಳಿಸಿಕೊಂಡ.

"ಹಕ್ಕಿ ನಿಮ್ದು, ನೆಳ್ಳು ನಮ್ದು. ಹ್ಯಾಂಗೆ ಹೆಗ್ಡೇರೆ?"

ಬೀರ ದನಿ ಏರಿಸದೆ ಮುಂದುವರಿಸಿದ. "ಗದ್ದೆಗೂ ಸೊಪ್ಪು ಬೇಕು. ಹಿಂದೆ ನಮ್ಮವ್ವ ನಿಮ್ಮ ಬೆಟ್ಟದಿಂದ ಒಂದು ಹೊರೆ ತಂದಿದ್ದಕ್ಕೆ ನಿಮ್ಮಪ್ಪ ಬೇಲಿ ಉಣಗೋಲಿನ ಹತ್ರ ಇಳಿಸ್ಕಂಡ್ರು. ಅದು ಅಲ್ಲೇ ಒಣಗಿ ಹೋಯ್ತು."

ಬೀರನ ತಾಯಿ ಸುಬ್ಬಿ ಜಗಲಿಯ ಮೂಲೆಯಲ್ಲಿ ಕೂತು ಪೊರಕೆಗೆ ಹಿಡಿಕಡ್ಡಿ ಸೀಳುತ್ತಿದ್ದಳು. ತಲೆ ಎತ್ತಲಿಲ್ಲ. ಈ ಕತೆಯನ್ನು ಹೆಗಡೆಯ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿ ನಗುತ್ತಿದ್ದುದು ನನಗೂ ಗೊತ್ತು. ಆ ದಿನ ನನಗೆ ನಾಚಿಕೆಯಾಯಿತು.

"ಕೆಳಗಿನ ಮೂಲೆ ಸೊಪ್ಪು ನೀನು ತಗೊ," ದೇವರು ಕೊನೆಗೆ ಹೇಳಿದ. "ಪ್ರತಿ ವರ್ಷ. ಗೋಳಿ ನಿಲ್ಲಲಿ. ನಮ್ಮ ಬಸರಿ ಇನ್ನು ನಾನೂ ಮುಟ್ಟೂದಿಲ್ಲ."

ಬೀರ ಗರಗಸದವನಿಗೆ ಫೋನು ಮಾಡಿ ಬರುವುದು ಬೇಡವೆಂದ. ಅರ್ಧ ತೋಟ ಬರಿನೆಲವಾಗಿ ಬೇಸಗೆ ಕಳೆಯಬೇಕೆಂದು ಕೇಳಿ ಶ್ರೀವಾಣಿ ಆ ರಾತ್ರಿ ಗಂಡನಿಗೆ ಊಟ ಬಡಿಸದೇ ಮಲಗಿದಳಂತೆ. ಸೊಪ್ಪಿಲ್ಲದ ಅಡಿಕೆ ಬುಡ ಬಿಸಿಲಿಗೆ ಒಣಗುತ್ತದೆಂದು ಅವಳಿಗೂ ಗೊತ್ತು.

ಮರುದಿನ ತಾಯಿ ಮಗ ಇಬ್ಬರೂ ಬೆಟ್ಟಕ್ಕೆ ಬಂದರು. ಸುಬ್ಬಿ ಬರುವ ಅಗತ್ಯವಿರಲಿಲ್ಲ. ತಾನೂ ಬರುತ್ತೇನೆಂದು ಹಟ ಹಿಡಿದಳಂತೆ. ಮಗ ಇನ್ನೂ ಮರದ ಮೇಲಿದ್ದಾಗ ಅವಳು ಸಣ್ಣದೊಂದು ಹೊರೆ ಹೊತ್ತು ಇಳಿದು ಬಂದಳು. ಬೇಲಿಯ ಬಾಯಿಗೆ ಅಡ್ಡ ಹಾಕಿದ ಗಳುಗಳ ಈಚೆ, ಆ ಹಳೆಯ ಉಣಗೋಲಿನ ಹತ್ತಿರವೇ, ನಾನೂ ದೇವರೂ ನಿಂತಿದ್ದೆವು. ಅವನನ್ನು ಕಂಡದ್ದೇ ಅವಳು ನಿಂತಳು. ಯಾರೂ ಏನೂ ಹೇಳುವ ಮೊದಲೇ ಹೊರೆಯನ್ನು ನೆಲಕ್ಕೆ ಹಾಕಿದಳು.

"ಇಳ್ಸಿದೆ ಒಡೆಯಾ."

ಗೋಳಿಯ ಕಡೆಯಿಂದ ಮಂಗಟ್ಟೆ ಹಾರಿ ಬಂದು ನಂದಿ ಮರದಲ್ಲಿ ಕುಳಿತಿತು. ದೇವರು ಅತ್ತ ನೋಡಲಿಲ್ಲ. ಗಳುಗಳನ್ನು ಒಂದೊಂದಾಗಿ ಸರಿಸಿದ, ಬಾಗಿ ಹೊರೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತ. ಸುಬ್ಬಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ತಲೆಯ ಮೇಲಿನ ಸಿಂಬಿ ಸರಿಮಾಡಿಕೊಂಡು ಹತ್ತಿರ ಬಂದಳು. ಹೊರೆ ಹೊರಿಸಿ ಅಭ್ಯಾಸವಿಲ್ಲದವನು, ವಾರೆಯಾಗಿಯೇ ಇಟ್ಟ. ಅವಳು ಕೈಯೆತ್ತಿ ಅದನ್ನು ನೇರ ಮಾಡಿಕೊಂಡು ಗದ್ದೆಯ ಕಡೆ ನಡೆದಳು.